ಕೆಂಪು ಹಿಡಿಯದ ಬೇಸಿಗೆ

ಮೊನ್ನೆ ಸೊಲ್ಲಾಪುರದಲ್ಲಿ ಹಲ್ಲಿನ ಡಾಕ್ಟರರ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದೆ. ನನ್ನ ಬಾಯಿ ತೆರೆದಿದ್ದೂ ಮಾತು ಹೊರಡದ ಜಾಗ ಜಗತ್ತಿನಲ್ಲಿ ಅದೊಂದೇ ಎಂದು ನಮ್ಮ ಮನೆಯವರು ಹೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಕಂಪ್ರೆಸರ್ ಗುರ್ರ್ ಎಂದು ಎದ್ದಿತು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಡಾಕ್ಟರರು ಸಣ್ಣ ಕೊಳವೆಯೊಂದನ್ನು ಹಿಡಿದು ನನ್ನ ಹಲ್ಲಿನ ಮೇಲೆ ಗಾಳಿ ಬಿಟ್ಟರು. ಫಸ್ಸ್.

ನಾನು ಬೆಚ್ಚಿದೆ. “ದುಖತಂಯ ಕಾ?” ಎಂದರು, ನೋಯುತ್ತಿದೆಯೇ ಅಂತ. ಬಾಯಿ ತುಂಬ ಹತ್ತಿ ತುರುಕಿದ್ದರಿಂದ ನಿಜ ಹೇಳಲಾಗಲಿಲ್ಲ. ನೋವಲ್ಲ ಡಾಕ್ಟರೇ, ಹೊಟ್ಟೆಕಿಚ್ಚು. ಎಂಥ ಸ್ವಚ್ಛವಾದ ಫಸ್ಸ್ ಅದು! ನಡುವೆ ತಡೆಯಿಲ್ಲ, ಉಗುಳಿಲ್ಲ, ಕೆಮ್ಮಿಲ್ಲ. ಎರಡು ಬೇಸಿಗೆಗಳ ಹಿಂದೆ, ಯುಗಾದಿಯಿಂದ ಮೇ ತಿಂಗಳ ಕೊನೆಯವರೆಗೆ, ಇಂಥದೊಂದು ಫಸ್ಸ್‌ಗಾಗಿ ನಾನು ಸೊಲ್ಲಾಪುರ ಅಕ್ಕಲಕೋಟೆಗಳ ನಡುವೆ ಹುಚ್ಚನ ಹಾಗೆ ಅಲೆದಿದ್ದೆ. ನನ್ನ ಪಾಲಿಗೆ ಬಂದದ್ದು ಮಾತ್ರ ಫಸ್ಸ್-ತಕ್-ಬುಡುಬುಡು. ನನ್ನ ಒಂದು ಹುಳುಕು ಹಲ್ಲಿಗೆ ಸಿಗುವ ಗಾಳಿ ನಮ್ಮ ಅತ್ತಿಯ ಬಸ್ಸಿಗೆ ಸಿಗಲಿಲ್ಲವಲ್ಲ ಎಂದು ಹಲ್ಲು ಕಡಿಯಲು ಹೋದೆ. ಡಾಕ್ಟರರು ಬೈದರು.

ಅತ್ತಿ ಎಂದರೆ ನಮ್ಮಪ್ಪನ ಅಕ್ಕ, ಮಹಾದೇವಿ. ಮನೆ ಅಕ್ಕಲಕೋಟೆಯಲ್ಲಿ, ಕೆಲಸ ಸರಕಾರಿ ಕೆಂಪು ಬಸ್ಸಿನಲ್ಲಿ, ಕಂಡಕ್ಟರ್. ಆ ರಸ್ತೆಯಲ್ಲಿ ಅವಳ ದನಿ ಕೇಳದವರೆಂದರೆ ಕಿವುಡರು ಮಾತ್ರ. ಅರ್ಧ ಮರಾಠಿ, ಅರ್ಧ ಕನ್ನಡ: “ಚಲಾ ಚಲಾ, ಪುಢೇ ಸರಕಾ! ಯಜಮಾನ್ರ, ಗೂಟಾ ಹುಗದಂಗ ನಿಂತೀರಲ್ಲ, ಮುಂದ ಸರೀರಿ!” ಚಿಕ್ಕಂದಿನಿಂದ ನಾನು ಕಂಡವರ ದನಿಯನ್ನೆಲ್ಲ ತೆಗೆಯುವವನು, ಮೊದಲು ಕಲಿತದ್ದೇ ಅತ್ತಿಯದು. ಹಿಂದಿನ ಸೀಟಿನಲ್ಲಿ ಕೂತು ಅವಳ ದನಿಯಲ್ಲಿ “ಮುಂದ ಸರೀರಿ” ಎಂದರೆ ಜನ ನಿಜವಾಗಿಯೂ ಸರಿಯುತ್ತಿದ್ದರು. ಮುಂದೆ ಟಿಕೀಟು ಕೊಡುತ್ತಿದ್ದ ಅತ್ತಿ ಒದರುತ್ತಿದ್ದಳು: “ಅಯ್ಯ, ನನ್ನ ಹೊಟ್ಟಿಮ್ಯಾಲ ಬರ್ತೀರೇನ್ರಿ? ಹಿಂದ ಆ ಮಂಗ್ಯಾ ಕೂತಾನ, ಅಂವನ ಮಾತ ಕೇಳಬ್ಯಾಡ್ರಿ!”

ಆ ಮೇ ತಿಂಗಳ ಕೊನೆಗೆ ಅತ್ತಿಯ ನಿವೃತ್ತಿ. ನಮ್ಮ ಕಡೆಯ ಹಳೆಯ ಸಾಲಿ ಮಾಸ್ತರರು ಹೆಸರು ಹಚ್ಚಲು ಬಂದ ಮಕ್ಕಳೆಲ್ಲರಿಗೂ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದುಬಿಟ್ಟಿದ್ದಾರೆ. ಹೀಗಾಗಿ ಅರ್ಧ ಡಿಪೋ ಒಂದೇ ದಿನ ಹುಟ್ಟಿ ಒಂದೇ ದಿನ ಮುದಿಯಾಗುತ್ತದೆ. ಮೇ ಮೂವತ್ತೊಂದಕ್ಕೆ ಶಾಲು, ತೆಂಗಿನಕಾಯಿ, ಗೋಡೆ ಗಡಿಯಾರಗಳನ್ನು ಸಗಟಾಗಿ ತರಿಸುತ್ತಾರೆ. ಅತ್ತಿಯ ಬಸ್ಸಿನ ಡ್ರೈವರ್ ಸಿದ್ರಾಮ ಮಾಮಾನೂ ಅದೇ ಜೂನ್ ಒಂದರವನೇ. ಇಬ್ಬರೂ ವರ್ಷಗಟ್ಟಲೆ ಓಡಿಸಿದ ಹಳೆಯ ಬಸ್ಸು ಹಿಂದಿನ ದೀಪಾವಳಿಗೆ ಗುಜರಿಗೆ ಹೋಗಿತ್ತು. ಅವತ್ತು ಅತ್ತಿ ರಜೆಯಲ್ಲಿದ್ದಳು, ಕೊನೆಯ ಸಲ ಅದನ್ನು ನೋಡಲೂ ಆಗಿರಲಿಲ್ಲ.

ಯುಗಾದಿಗೆ ನಮ್ಮ ಮನೆಗೆ ಬಂದವಳು ಊಟವಾದ ಮೇಲೆ ನನ್ನನ್ನು ಕರೆದು ಕೂರಿಸಿಕೊಂಡಳು. “ಅವತ್ತ ಟಿಕೀಟ ಮಶೀನ ವಾಪಸ ಕೊಡಬೇಕು, ಬ್ಯಾಗ ಕೊಡಬೇಕು. ಇಷ್ಟ ವರ್ಸ ಈ ಹೆಗಲು ಖಾಲಿ ಇದ್ದದ್ದಽ ಇಲ್ಲ. ಖಾಲಿ ಕೈಲೆ ಡಿಪೋದಿಂದ ಹೊರಗ ಬರೂದು ನನಗ ಆಗೂದಿಲ್ಲ ನೋಡ. ಗಡಿಯಾರ ಹಿಡಕೊಂಡಂತೂ ಬರಾಕ ಒಲ್ಲೆ. ಗುರ್ಯಾ, ನೀ ಪ್ಲಾಸ್ಟಿಕ್ಕಿಂದ ಇಮಾನಾ, ಟ್ಯಾಂಕು ಮಾಡ್ತಿಯಲ್ಲ, ನನ್ನ ಗಾಡೀನ ಸಣ್ಣದ ಮಾಡಿ ಕೊಡ್ತಿ?”

ಯಾರಿಂದಲೂ ಏನನ್ನೂ ಕೇಳದ ಹೆಂಗಸು. ನಾನು ಎದೆ ಉಬ್ಬಿಸಿ, “ಅತ್ತಿ, ಹಾದ್ಯಾಗ ಇಟ್ರ ಮಂದಿ ಕೈ ಮಾಡಿ ನಿಲ್ಲಸ್ಬೇಕು, ಹಂಗ ಮಾಡಿಕೊಡ್ತೀನಿ” ಎಂದೆ. ನನ್ನ ನಾಲಿಗೆಯ ಕಥೆಯೇ ಇಷ್ಟು. ಅದು ಮೊದಲು ಹೊರಟುಬಿಡುತ್ತದೆ, ಕೈಗಳು ಹಿಂದಿನಿಂದ ಓಡಿ ಹಿಡಿಯಬೇಕು.

ಕಟ್ಟುವ ಕೆಲಸ ಸಲೀಸಾಗಿ ಮುಗಿಯಿತು. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮೈ ಮಾಡಿದೆ, ಕಿಟಕಿಗಳಿಗೆ ಸರಳು ಕೂರಿಸಿದೆ, ಹಳೆಯ ಲಾರಿ ಕಿಟ್ಟಿನ ಗಾಲಿ ಹಾಕಿದೆ. ಒಂದೂವರೆ ಗೇಣಿನ ಬಸ್ಸು ಬೂದು ಬಣ್ಣದ ಪ್ರೈಮರಿನಲ್ಲಿ ಚೆಂದವಾಗಿ ನಿಂತಿತು. ಉಳಿದದ್ದು ಕೆಂಪು. ಅಲ್ಲಿಯವರೆಗೆ ಕುಂಚದಿಂದಲೇ ಬಳಿಯುತ್ತಿದ್ದವನು, ಅತ್ತಿಯ ಗಾಡಿಗೆ ಕುಂಚದ ಗೀರು ಕಾಣಬಾರದೆಂದು ಪುಣೆಯ ಅಂಗಡಿಯೊಂದರಿಂದ ಏರ್‌ಬ್ರಷ್ಷು, ಅದಕ್ಕೊಂದು ಪುಟ್ಟ ಕಂಪ್ರೆಸರ್ ತರಿಸಿದೆ.

ಏರ್‌ಬ್ರಷ್ ಎಂದರೆ ಪೆನ್ನಿನ ಗಾತ್ರದ ಪಿಚಕಾರಿ. ಮೇಲೊಂದು ಪುಟ್ಟ ಬಟ್ಟಲು, ಅದರಲ್ಲಿ ಬಣ್ಣ. ಒಳಗೆ ತೆಳ್ಳನೆಯ ಉದ್ದ ಸೂಜಿ, ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ನಾಜಲ್. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ವಿಡಿಯೋಗಳಲ್ಲಿ ಅದು ಇಬ್ಬನಿಯ ಹಾಗೆ ಬೀಳುತ್ತದೆ. ನನ್ನದು ನೆಗಡಿಯಾದ ಎಮ್ಮೆ ಸೀನಿದ ಹಾಗೆ ಬಿತ್ತು.

ಪುಣೆಯ ಅಂಗಡಿಯವರಿಗೆ ಫೋನ್ ಮಾಡಿದೆ. ಅವರ ಮಧ್ಯಾಹ್ನದ ನಿದ್ದೆ ಮುಗಿಯುವವರೆಗೆ ಕಾದು ಮಾಡಿದೆ. ಅಷ್ಟು ಬುದ್ಧಿ ನನಗಿದೆ. “ಬಣ್ಣ ದಪ್ಪ ಇದೆ. ದುಧಾಸಾರಖಂ ಪಾತಳ ಕರಾ,” ಎಂದರು. ಹಾಲಿನಷ್ಟು ತೆಳು ಮಾಡಿ. ಯಾವ ಹಾಲು ಎಂದು ನಾನು ಕೇಳಲಿಲ್ಲ. ಅವರ ಹಾಲು ಪಾಕೀಟಿನದು. ನಮ್ಮ ಮನೆಗೆ ಬರುವುದು ಹಳ್ಳಿಯ ಎಮ್ಮೆ ಹಾಲು. ಕುದಿಸಿದರೆ ಕೆನೆಯ ಮೇಲೆ ಚಮಚ ಇಟ್ಟರೂ ಮುಳುಗುವುದಿಲ್ಲ. ನಾನು ಎಮ್ಮೆ ಹಾಲನ್ನೇ ಮಾದರಿ ಇಟ್ಟುಕೊಂಡು ಕಲಸಿದೆ. ನಾಜಲ್ ಕಟ್ಟಿಕೊಂಡು ಉಸಿರೇ ನಿಂತಿತು. ಪಾಕೀಟಿನ ಹಾಲಿಗೆ ಇಳಿಯಲು ನನಗೊಂದು ವಾರವೇ ಬೇಕಾಯಿತು.

ಆಮೇಲೆ ಬಿಸಿಲಿನ ಪಾಳಿ. ನನ್ನ ಕೆಲಸದ ಕೋಣೆ ನಮ್ಮ ಮನೆಯ ಮಾಳಿಗೆ ಮೇಲೆ, ತಗಡಿನ ಮಾಡಿನ ಕೆಳಗೆ. ಸೊಲ್ಲಾಪುರದ ಏಪ್ರಿಲ್‌ನಲ್ಲಿ ತಗಡಿನ ಕೆಳಗೆ ಕೂರುವುದೆಂದರೆ ಭಟ್ಟಿಯೊಳಗೆ ಬ್ರೆಡ್ಡು ಕೂತ ಹಾಗೆ. ಪಿಚಕಾರಿಯಿಂದ ಹೊರಟ ಬಣ್ಣ ಬಸ್ಸು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಬೀಳುತ್ತಿತ್ತು. ಅಪ್ಪ ಮೇಲೆ ಬಂದು ಬಸ್ಸಿನ ಮೈ ಸವರಿ ನೋಡಿದ. “ಇದು ಬಸ್ಸೋ, ಉಪ್ಪಿಟ್ಟೋ?”

ಅಪ್ಪನಿಗೆ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟಾವೆಲು ನೇಯುವ ಸಣ್ಣ ಶೆಡ್ಡು. ಕಡಿಮೆ ಮಾತಿನ ಮನುಷ್ಯ. ಆದರೆ ಹೊರಟ ಒಂದೊಂದು ಮಾತಿಗೂ ಮೊಳೆ ಇರುತ್ತದೆ. “ನಮ್ಮ ಮಗ್ಗದಾಗ ನೂಲ ಹರದ್ರ ಹುಡುಕಿ ಗಂಟ ಹಾಕ್ತೀವಿ. ಇದರಾಗ ಏನ ಹರದೈತಿ, ಅದನ್ನರ ಹೇಳು.”

“ಹವಾ ಸರಿ ಇಲ್ಲಪ್ಪಾ. ಭಾಳ ಒಣಾ ಐತಿ.”

“ಹವಾ ಸರಿ ಮಾಡಾಕ ನಿನ್ನ ಕೈಯಾಗ ಆಗೂದಿಲ್ಲ. ನೀ ಸರಿ ಆಗು.”

ಸರಿಯಾಗಲು ನೋಡಿದೆ. ಹತ್ತಿರದಿಂದ ಹೊಡೆದೆ, ಬಣ್ಣ ಒಂದೆಡೆ ಮಡುಗಟ್ಟಿ, ಗಾಳಿಗೆ ಚೆದರಿ, ಜೇಡನ ಕಾಲುಗಳ ಹಾಗೆ ಎಲ್ಲ ದಿಕ್ಕಿಗೂ ಓಡಿತು. ಗಾಳಿ ಕಡಿಮೆ ಮಾಡಿದೆ. ಹನಿ ಹನಿಯಾಗಿ ಉಗುಳಿತು. ಬೇಗ ಒಣಗದಿರಲೆಂದು ಬಣ್ಣಕ್ಕೆ ಹಾಕುವ ಔಷಧಿ ತರಿಸಿದೆ; ಅವತ್ತು ಒಣಗಲೇ ಇಲ್ಲ, ನನ್ನ ಹೆಬ್ಬೆರಳಿನ ಗುರುತು ಬಸ್ಸಿನ ಬೆನ್ನ ಮೇಲೆ ಠಸೆ ಒತ್ತಿದಂತೆ ಕೂತಿತು. ಒಂದೊಂದು ಸಲ ಕೆಟ್ಟಾಗಲೂ ಸ್ಪಿರಿಟ್ಟಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಟಾವೆಲಿನಿಂದ ಒರೆಸಿ, ಪ್ರೈಮರ್ ಹೊಡೆದು ಮತ್ತೆ ಮೊದಲಿನಿಂದ. ನಾನು ಉಜ್ಜಿದಷ್ಟು ಆ ಬಸ್ಸನ್ನು ಡಿಪೋದಲ್ಲಿ ಅದರ ಜನ್ಮದಲ್ಲಿ ಯಾರೂ ತೊಳೆದಿರಲಿಕ್ಕಿಲ್ಲ.

ಹವಾ ಒಣಗಿದ್ದರೆ ತಂಪಿನ ಜಾಗಕ್ಕೆ ಹೋಗಬೇಕು. ಎಂಐಡಿಸಿಯಲ್ಲಿ ಅಪ್ಪನ ಶೆಡ್ಡಿನಲ್ಲಿ ನೂಲು ಹರಿಯಬಾರದೆಂದು ಬೇಸಿಗೆಯಲ್ಲಿ ನೆಲಕ್ಕೆ ನೀರು ಹೊಡೆಯುತ್ತಾರೆ. ಒಳಗೆ ಹೋದರೆ ಮೈ ಅಂಟಂಟು. ಆಹಾ, ಇದೇ ಬೇಕಾದದ್ದು ಎಂದು ಬಸ್ಸು, ಕಂಪ್ರೆಸರ್, ಬಾಟಲಿಗಳನ್ನು ಹೊತ್ತುಕೊಂಡು ಅಲ್ಲಿನ ಮೂಲೆಯೊಂದನ್ನು ಹಿಡಿದೆ. ಪುಡಿ ನಿಂತಿತು. ಅದರ ಬದಲು ಕಂಪ್ರೆಸರು ತೇವದ ಗಾಳಿ ಕುಡಿದು ಪೈಪಿನಲ್ಲಿ ನೀರಾಗಿ, ಬಣ್ಣದ ನಡುವೆ ಪಿಚಕ್ ಎಂದು ಹನಿ ಉಗುಳಿತು. ಸಾಲದ್ದಕ್ಕೆ ಮಗ್ಗದ ಹತ್ತಿಯ ನವಿರು. ಹಸಿ ಕೆಂಪಿನ ಮೇಲೆ ಬಂದು ಕೂತು, ಒಣಗಿ, ಬಸ್ಸಿನ ಮೈತುಂಬ ಕೂದಲು. ಮಗ್ಗದವರು ಸುತ್ತ ನಿಂತು ನೋಡುತ್ತಿದ್ದರು. ನಾನು ಅವರ ನಗುವನ್ನು ಅವರಿಗೇ ಮಾಡಿ ತೋರಿಸಿದೆ. ಅವರು ಇನ್ನಷ್ಟು ನಕ್ಕರು. ನನ್ನ ಕಲೆಯಿಂದ ಆ ಬೇಸಿಗೆಯಲ್ಲಿ ಆದ ಉಪಯೋಗ ಅಷ್ಟೇ ಎಂದುಕೊಂಡೆ.

ಮತ್ತೆ ಪುಣೆಗೆ ಫೋನು. ಆ ಹೊತ್ತಿಗೆ ಅಂಗಡಿಯವರಿಗೆ ನನ್ನ ನಂಬರು ಕಂಡರೇ ನಿಟ್ಟುಸಿರು ಬರುತ್ತಿತ್ತು. ಆ ನಿಟ್ಟುಸಿರನ್ನೂ ನಾನು ಕಲಿತಿದ್ದೆ. ಏನಾಗುತ್ತಿದೆ ಎಂದು ಮರಾಠಿಯಲ್ಲಿ ವಿವರಿಸಲು ಬರದೆ ಏರ್‌ಬ್ರಷ್ಷಿನ ದನಿಯನ್ನೇ ತೆಗೆದೆ: “ಫಸ್ಸ್... ತಕ್... ಫಸ್ಸ್... ಬುಡುಬುಡು.”

ಆಚೆಯಿಂದ ಬಂತು: “ಆಣಖೀ ಏಕದಾ ಕರಾ.” ಇನ್ನೊಮ್ಮೆ ಮಾಡಿ.

ಮಾಡಿದೆ.

“ಬುಡುಬುಡು ಬರುವುದು ಬಟ್ಟಲಿನಲ್ಲಾ? ಹಾಗಾದರೆ ನಾಜಲಿನಲ್ಲಿ ಏನೋ ಸಿಕ್ಕಿಕೊಂಡಿದೆ. ಗಾಳಿಗೆ ಮುಂದೆ ದಾರಿ ಇಲ್ಲ, ಹಿಂದಕ್ಕೆ ಬಂದು ಬಟ್ಟಲಿನಲ್ಲಿ ಗುಳ್ಳೆ ಎಬ್ಬಿಸುತ್ತಿದೆ,” ಎಂದು ಮರಾಠಿಯಲ್ಲಿ ಹೇಳಿದವರು, ನನ್ನ ಕಂಠವನ್ನು ಪರೀಕ್ಷಿಸುವ ವೈದ್ಯನಂತೆ ಕೇಳಿದರು: “ಸೂಜಿ ಕಶಾನೇ ಪುಸತಾ?” ಸೂಜಿಯನ್ನು ಯಾವುದರಿಂದ ಒರೆಸುತ್ತೀರಿ?

“ನವ್ಯಾ ಕಪಡ್ಯಾನೇ,” ಎಂದೆ ಹೆಮ್ಮೆಯಿಂದ. ಹೊಚ್ಚ ಹೊಸ ಬಟ್ಟೆಯಿಂದ.

ಹಾಗಿದ್ದರೆ ಸರಿ ಎಂದರು. ನಾನೂ ಸರಿ ಎಂದೆ. ತಪ್ಪು ಶೆಡ್ಡಿನದು, ಅಲ್ಲಿನ ನವಿರಿನದು ಎಂದು ಇಬ್ಬರೂ ತೀರ್ಮಾನಿಸಿದೆವು. ಮಗ್ಗವೇ ಇಲ್ಲದ ಜಾಗಕ್ಕೆ ಹೋಗಬೇಕು. ಮೇ ತಿಂಗಳು ಅರ್ಧ ಕಳೆದಿತ್ತು. ಗಂಟು ಕಟ್ಟಿಕೊಂಡು ಅಕ್ಕಲಕೋಟೆಗೆ, ಅತ್ತಿಯ ಮನೆಗೇ ಹೋದೆ.

ಅತ್ತಿಯ ಮನೆ ಹಳೆಯದು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಬೆಂಕಿ ಇದ್ದರೂ ಹಿಂದಿನ ಕೋಣೆ ತಂಪು. ಪುಡಿಯೂ ಇಲ್ಲ, ನೀರೂ ಇಲ್ಲ. ಬಾಗಿಲು ಹಾಕಿಕೊಂಡು ಮೊದಲ ಪದರು ಹೊಡೆದೆ. ಅರ್ಧಕ್ಕೆ ತಕ್. ಬುಡುಬುಡು. ಒರೆಸಿ, ತೊಳೆದು ಮತ್ತೆ ಹೊಡೆದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಅದೇ ಕೂದಲು.

ಡ್ಯೂಟಿ ಮುಗಿಸಿ ಬಂದ ಅತ್ತಿ ಬ್ಯಾಗೂ ಇಳಿಸದೆ ಬಸ್ಸನ್ನು ತಿರುಗಿಸಿ ನೋಡಿದಳು. ಕೆನ್ನೆಗೆ ಒತ್ತಿಕೊಂಡಳು. “ಏನೋ ಇದು? ಗಾಡಿ ಮಾಡಂದ್ರ ಕುರಿ ಮಾಡೀಯಲ್ಲೋ. ಉಣ್ಣಿ ಕತ್ತರಿಸಿ ಮಾರಬೇಕೇನು?”

ಮಗ್ಗವೇ ಇಲ್ಲದ ಮನೆಯಲ್ಲಿ ನವಿರು ಎಲ್ಲಿಂದ? ನಾನು ತನಿಖೆಗೆ ಇಳಿದೆ. ಅತ್ತಿಯ ಬೆಕ್ಕನ್ನು ಹೊರಗಟ್ಟಿದೆ. ಕೌದಿಗಳನ್ನೆಲ್ಲ ಮೇಲಕ್ಕೆ ಸಾಗಿಸಿದೆ. ಹಿಂದಿನ ಮನೆಯವರ ಕುರಿಗಳ ಮೇಲೆ ಗುಮಾನಿಪಟ್ಟು ಕಿಟಕಿಗೆ ಪ್ಲಾಸ್ಟಿಕ್ ಬಡಿದೆ. ಕೊನೆಗೆ ಅತ್ತಿಯ ಮಗಳು ಸವಿತಾಳ ಉದ್ದ ಕೂದಲ ಮೇಲೆ ನನ್ನ ಕಣ್ಣು ಬಿತ್ತು. ಅವಳು ನನ್ನ ವಯಸ್ಸಿನವಳು, ಊರಿನ ಸಾಲಿಯಲ್ಲಿ ಟೀಚರು. ಸಿಟ್ಟು ಬಂದರೆ ಮನೆಯಲ್ಲೂ ಹಾಜರಿ ಕರೆಯುವ ದನಿಯಲ್ಲೇ ಮಾತಾಡುತ್ತಾಳೆ.

“ಸವಿ, ನೀ ಮನ್ಯಾಗ ಓಡಾಡುವಾಗ ತಲಿಗೆ ಪ್ಲಾಸ್ಟಿಕ್ ಚೀಲಾ ಕಟ್ಕೋ.”

“ಗುರುನಾಥ.” ಪೂರ್ತಿ ಹೆಸರು ಬಂತೆಂದರೆ ಮುಗಿಯಿತು. “ಬೆಕ್ಕ ಆತು, ಕೌದಿ ಆತು, ಮಂದಿ ಕುರಿ ಆತು. ಈಗ ನಾನು. ನಾಳೆ ಅವ್ವನ್ನ ಬೋಳಸ್ತಿ. ನಿನ್ನ ಕೈಯಾಗ ಕೆಲಸ ಬರೂದಿಲ್ಲ ಅಂತ ಒಮ್ಮಿ ಒಪ್ಕೋ, ನಾವೆಲ್ಲಾ ಅರಾಮ ಉಸರ ಬಿಡ್ತೀವಿ.”

ಅವತ್ತು ನಾನು ಏರ್‌ಬ್ರಷ್ಷನ್ನು ಗೋಡೆಗೆ ಬೀಸಿ ಒಗೆಯುವುದೊಂದು ಬಾಕಿ. ಕೈ ಎತ್ತಿದ್ದೆ. ಬಾಗಿಲಲ್ಲಿ ಅತ್ತಿ ನಿಂತಿದ್ದಳು. ಬೈಯಲಿಲ್ಲ. “ತಮ್ಮಾ, ಬಿಡು. ಬ್ಯಾಡಾದ್ರ ಬ್ಯಾಡ. ಗಡಿಯಾರಾನಽ ಹಿಡಕೊಂಡ ಬರ್ತೀನಿ” ಎಂದಳು. ಆ ದನಿಯಲ್ಲಿ ಬಸ್ಸಿನ ಗದ್ದಲವನ್ನು ಮೀರುವ ಗಟ್ಟಿತನ ಇರಲಿಲ್ಲ. ಅವಳ ಎಲ್ಲ ದನಿಗಳನ್ನೂ ತೆಗೆಯಬಲ್ಲ ನನಗೆ ಅದೊಂದನ್ನು ತೆಗೆಯಲು ಇವತ್ತಿಗೂ ಮನಸ್ಸಿಲ್ಲ. ಕೈ ಇಳಿಸಿದೆ.

ಮರುದಿನ ಸಂಜೆ ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ಎಲ್ಲರೂ ಕೂತಿದ್ದರು. ಸಿದ್ರಾಮ ಮಾಮಾನೂ ಚಹಾಕ್ಕೆ ಬಂದಿದ್ದ. ನಾನು ಹೊಸ ಅಂಗಿ ತೊಟ್ಟು, ಸೊಲ್ಲಾಪುರಕ್ಕೆ ಹೊರಟುಬಿಡುವ ಗತ್ತಿನಲ್ಲಿ ಚೀಲ ಪಕ್ಕಕ್ಕಿಟ್ಟುಕೊಂಡಿದ್ದೆ. ಬೇಸರ ಕಳೆಯಲೆಂದು ಮಾಮಾ ಯಾರದಾದರೂ ದನಿ ತೆಗೆ ಎಂದ. ಅವನದೇ ತೆಗೆದೆ. 

ಸವಿತಾ ಲೋಟ ಕೆಳಗಿಟ್ಟಳು. “ಎಲ್ಲಾರ್ದೂ ಮಾಡ್ತಿಯಲ್ಲ, ಒಮ್ಮಿ ನಿಂದ ಮಾಡು. ಬಣ್ಣಾ ಹೊಡಿಯೂ ಶಾಣ್ಯಾಂದು.”

ಸವಾಲು ಬಿಡುವವನೇ ನಾನು? ಎದ್ದು ನಿಂತೆ. ಕಣ್ಣು ಕಿರಿದು ಮಾಡಿ ಕೈಯಲ್ಲಿಲ್ಲದ ಬಾಟಲಿಯನ್ನು ಅಲ್ಲಾಡಿಸಿದೆ. ಇಲ್ಲದ ಬಟ್ಟಲಿಗೆ ಬಣ್ಣ ಹನಿಸಿದೆ. ನಾಲಿಗೆಯ ತುದಿ ಹೊರಗೆ ಚಾಚಿ ಬಗ್ಗಿದೆ. ಫಸ್ಸ್. ಒರೆಸಿದೆ. ಫಸ್ಸ್-ತಕ್. ಒರೆಸಿದೆ. ಬುಡುಬುಡು. ಹಣೆ ಬಡಿದುಕೊಂಡೆ, ಪುಣೆಗೆ ಫೋನು ಮಾಡಿದೆ, ಬೆಕ್ಕಿಗೆ ಬೈದೆ, ಮತ್ತೆ ಒರೆಸಿದೆ. ಜನ ನಗುತ್ತಿದ್ದರು. ಆದರೆ ನಾನು ನಗಿಸಬೇಕೆಂದುಕೊಂಡ ಜಾಗದಲ್ಲಿ ಅಲ್ಲ. ಪ್ರತಿ ಫಸ್ಸ್ ಆದ ಮೇಲೆ ನಗು ಏಳುತ್ತಿತ್ತು.

“ಹಂಗಽ! ಹಂಗಽ ಮಾಡ್ತಿ!” ಅತ್ತಿ ಹೊಟ್ಟೆ ಹಿಡಿದುಕೊಂಡಳು. “ಪುಸ್, ಒರಸು. ಪುಸ್, ಒರಸು. ಮಾರಿ ಒರಸು, ಸೂಜಿ ಒರಸು, ಗಾಡಿ ಒರಸು!”

ನಾನು ಹಾಗೆಯೇ ನಿಂತೆ. ನನ್ನ ಬಲಗೈ ಎಡ ಹೆಗಲ ಮೇಲಿತ್ತು, ಅಲ್ಲಿ ಇಲ್ಲದ ಟಾವೆಲನ್ನು ಹಿಡಿದುಕೊಂಡು.

ಊರಲ್ಲಿ ಯಾರ ಕೈ ಎಲ್ಲಿ ಹೋಗುತ್ತದೆ, ಯಾರ ಹುಬ್ಬು ಯಾವಾಗ ಏಳುತ್ತದೆ ಎಂದು ನೋಡುವುದೇ ನನ್ನ ಕಸುಬು. ನನ್ನ ಕೈಯನ್ನು ನಾನು ನೋಡಿರಲೇ ಇಲ್ಲ. ಟಾವೆಲು ನೇಯುವ ಮನೆಯಲ್ಲಿ ಹುಟ್ಟಿದವರಿಗೆ ಟಾವೆಲು ಒಂದು ವಸ್ತುವೇ ಅಲ್ಲ. ಅಂಚು ಕೆಟ್ಟ ಮಾಲು, ನೇಯ್ಗೆ ತಪ್ಪಿದ ಮಾಲು ಎಂದು ಶೆಡ್ಡಿನಿಂದ ಬಂದದ್ದು ಮನೆತುಂಬ. ಕೈ ಒರೆಸಲು ಟಾವೆಲು, ತಾಟು ಒರೆಸಲು ಟಾವೆಲು, ಸ್ಕೂಟರಿಗೂ ಅದೇ. ಹೆಗಲ ಮೇಲೆ ಒಂದು ಇರದಿದ್ದರೆ ಅಂಗಿ ತೊಟ್ಟಂತೆಯೇ ಅನಿಸುವುದಿಲ್ಲ. ಅದರ ಮೇಲೆ ಗುಮಾನಿ ಪಡು ಎಂದರೆ ನಿನ್ನ ಅಂಗೈ ಮೇಲೆ ಗುಮಾನಿ ಪಡು ಎಂದ ಹಾಗೆ.

ಹಿಂದಿನ ಕೋಣೆಯಿಂದ ಟಾವೆಲನ್ನು ತಂದು, ಇಳಿಬಿಸಿಲಿನ ಕೋಲಿಗೆ ಹಿಡಿದು ಒಮ್ಮೆ ಜಾಡಿಸಿದೆ. ಮಗ್ಗದಿಂದ ನೇರ ಬಂದ, ಒಮ್ಮೆಯೂ ಒಗೆಯದ ಹೊಚ್ಚ ಹೊಸ ಟಾವೆಲು. ಬಿಸಿಲಿನ ತುಂಬ ನವಿರು ಹಾರಿತು. ಅದರಿಂದಲೇ ನಾನು ಪ್ರತಿ ಪದರಿಗೂ ಮೊದಲು ಬಸ್ಸನ್ನು ಪ್ರೀತಿಯಿಂದ ಒರೆಸುತ್ತಿದ್ದೆ. ಅದರಿಂದಲೇ ಸೂಜಿ. ಸೂಜಿಯನ್ನು ತೆಗೆದು ನೋಡಿದೆ: ಟಾವೆಲಿನ ಕುಣಿಕೆಗಳಿಗೆ ಸಿಕ್ಕಿ ಸಿಕ್ಕಿ ತುದಿ ಕೊಕ್ಕೆಯಾಗಿತ್ತು. ನಾಜಲನ್ನು ಬಿಚ್ಚಿ ಹಿಂದಿನಿಂದ ಚುಚ್ಚಿದರೆ, ಹತ್ತಿ ಮತ್ತು ಗಂಜಿ ಸೇರಿ ಬಣ್ಣದಲ್ಲಿ ಗಟ್ಟಿಯಾದ ಕೆಂಪು ಕಾಳೊಂದು ಉದುರಿತು.

ಅತ್ತಿ ಅದನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. “ನಿಮ್ಮಪ್ಪನ ಮಾಲು.”

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. “ನಮ್ಮ ಟಾವೆಲಿಗೆ ಹೆಸರ ಇಡಬ್ಯಾಡ,” ಎಂದ. “ಎರಡ ಸಲ ಒಗದ್ರ ಒಂದ ಎಳಿ ಬಿಡೂದಿಲ್ಲ ಅದು. ಮೈ ಒರಸಾಕ ಮಾಡೀವಿ, ಬಸ್ ಒರಸಾಕಲ್ಲ.” ಆಮೇಲೆ ಕೇಳಿದ: “ಹರದದ್ದು ಸಿಕ್ತಲ್ಲ?”

“ಸಿಕ್ತಪ್ಪಾ.”

“ಹಂಗಾರ ಗಂಟ ಹಾಕು.” ಫೋನಿಟ್ಟ.

ಸವಿತಾಳ ಮುಂದೆ ಕೈಮುಗಿದೆ. ಅವಳು ಬೆಕ್ಕಿನ ಮುಂದೆಯೂ ಮುಗಿ ಎಂದಳು, ಮುಗಿದೆ.

ದಿನಗಳು ಕೈಬೆರಳಿಗೆ ಸಿಗುವಷ್ಟೇ ಉಳಿದಿದ್ದವು. ಡಬ್ಬಿಯಲ್ಲಿದ್ದ ಇನ್ನೊಂದು ಸೂಜಿ ಹಾಕಿದೆ. ಅತ್ತಿಯ ಹಳೆಯ ನೈಲಾನ್ ಸೀರೆಯ ತುಂಡನ್ನು ಒರೆಸಲು ಇಟ್ಟುಕೊಂಡೆ. ಬಸ್ಸನ್ನು ಪೂರ್ತಿ ಕೆರೆದು ತೊಳೆದು ಮತ್ತೆ ಬೂದು ಹೊಡೆದೆ. ನಿಲ್ಲಿಸಿ ಹೊಡೆದರೆ ಬಣ್ಣ ಇಳಿದೀತೆಂಬ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ. ಆದ್ದರಿಂದ ಒಂದೊಂದೇ ಮೈ ಮೇಲಾಗುವಂತೆ ಮಲಗಿಸಿ, ಉಳಿದದ್ದಕ್ಕೆ ಕಾಗದ ಸುತ್ತಿ, ಒಂದು ಒಣಗಿದ ಮೇಲೆ ಇನ್ನೊಂದು ಎಂದು ಹೊರಟೆ. ಮೊದಲು ಮೇಲ್ಭಾಗ, ಹಿಂದು, ಮುಂದು. ಆಮೇಲೆ ಎಡಗಡೆ, ಬಾಗಿಲಿರುವ ಕಡೆ.

ಫಸ್ಸ್.

ಅಷ್ಟೇ. ತಕ್ ಇಲ್ಲ, ಬುಡುಬುಡು ಇಲ್ಲ. ಕೆಂಪು ಬಂದು ಸದ್ದಿಲ್ಲದೆ ಹಾಸಿಕೊಂಡಿತು. ಕೊನೆಯ ಪದರು ಹಸಿಯಾಗಿದ್ದಾಗ ಕೋಣೆಯ ಬಾಗಿಲ ಚೌಕಟ್ಟು, ಅದರಲ್ಲಿ ನಿಂತ ಸವಿತಾ, ಅವಳ ಹಿಂದಿನ ಅಂಗಳ, ಎಲ್ಲ ಅದರ ಮೈಯಲ್ಲಿ ಕಾಣುತ್ತಿದ್ದವು. ನಾನು ಉಸಿರು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಟೀಚರು ಕೊನೆಗೆ, “ಪಾಸ್” ಎಂದಳು.

ಬಲಗಡೆ ಒಂದು ಬಾಕಿ. ಅದಕ್ಕೆಂದು ಮೇ ಮೂವತ್ತನ್ನು ಇಟ್ಟುಕೊಂಡಿದ್ದೆ. ಆ ದಿನ ಮಧ್ಯಾಹ್ನ ಆಕಾಶ ಕಪ್ಪಾಯಿತು, ಬಿರುಗಾಳಿ ಎದ್ದಿತು, ಆಲಿಕಲ್ಲಿನೊಂದಿಗೆ ಮಳೆ ಹೊಡೆಯಿತು. ಎಲ್ಲೋ ಕಂಬಗಳು ಉರುಳಿ ಕರೆಂಟು ಹೋಯಿತು. ಕಂಪ್ರೆಸರಿನ ಮುಂದೆ ಏರ್‌ಬ್ರಷ್ಷು ಹಿಡಿದುಕೊಂಡು ಕತ್ತಲಾಗುವವರೆಗೆ ಕೂತೆ. ಬಟ್ಟಲಿನಲ್ಲಿ ಬಣ್ಣ ಸರಿಯಾಗಿ ಪಾಕೀಟಿನ ಹಾಲಿನಷ್ಟಿತ್ತು. ಸೂಜಿ ನೆಟ್ಟಗಿತ್ತು. ಹವಾ ತಂಪಾಗಿತ್ತು. ಇಡೀ ಬೇಸಿಗೆ ಯಾವುದೋ ಒಂದು ಇದ್ದು ಇನ್ನೊಂದು ಇರಲಿಲ್ಲ. ಈಗ ಎಲ್ಲ ಇದ್ದು ಗಾಳಿಯೇ ಇರಲಿಲ್ಲ. ಬಾಯಿಂದ ಫಸ್ಸ್ ಎಂದು ನೋಡಿದೆ. ನನ್ನ ಜೀವನದಲ್ಲಿ ಮಾಡಿದ ಅತ್ಯುತ್ತಮ ಫಸ್ಸ್ ಅದು. ಉಪಯೋಗವಾಗಲಿಲ್ಲ. ಕುಂಚದಿಂದ ಬಳಿಯಬಹುದಿತ್ತು, ಆ ಎಡಗಡೆಯನ್ನು ನೋಡಿದ ಮೇಲೆ ಕೈ ಬರಲಿಲ್ಲ.

ಮರುದಿನವೂ ಕರೆಂಟು ಬರಲಿಲ್ಲ. ಡಿಪೋದ ಕ್ಯಾಂಟೀನಿನಲ್ಲಿ ಸಾಲಾಗಿ ಕುರ್ಚಿ ಹಾಕಿ ಜೂನ್ ಒಂದರ ಮಂದಿಯನ್ನೆಲ್ಲ ಕೂರಿಸಿದ್ದರು. ಹೆಸರು ಕರೆದಂತೆ ಒಬ್ಬೊಬ್ಬರೇ ಹೋಗಿ ಶಾಲು ಹೊದ್ದು ಗಡಿಯಾರ ಹಿಡಿದು ಬರುತ್ತಿದ್ದರು. ಅತ್ತಿ ತನ್ನ ಹೆಸರು ಬರುವ ಮೊದಲೇ ಕಿಟಕಿಯಲ್ಲಿ ಟಿಕೀಟು ಮಶೀನು ಕೊಟ್ಟಳು, ಬ್ಯಾಗು ಕೊಟ್ಟಳು. ತಿರುಗಿ ಬರುವಾಗ ಎಡ ಹೆಗಲು ಇನ್ನೂ ಒಂದಿಷ್ಟು ಕೆಳಗೇ ಇಳಿದಿತ್ತು, ಭಾರ ಹೊತ್ತವರ ಹಾಗೆ. ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು.

ನಾನು ಓಡಿ ಹೋಗಿ ಬಸ್ಸನ್ನು ಆ ಕೈಗಳಲ್ಲಿ ಇಟ್ಟೆ, ಎಡಗಡೆ ಅವಳ ಮುಖಕ್ಕೆ ಬರುವಂತೆ. “ಅತ್ತಿ, ಇನ್ನೂ ಪೂರಾ ಆಗಿಲ್ಲ. ಆ ಕಡಿ...”

ಅವಳು ಕೇಳಿಸಿಕೊಳ್ಳಲಿಲ್ಲ. ಬಾಗಿಲಿನ ಮೇಲೆ, ಮೆಟ್ಟಿಲ ಮೇಲೆ, ತಾನು ಜೋತುಬೀಳುತ್ತಿದ್ದ ಹಿಡಿಕೆಯ ಮೇಲೆ ಒಂದೇ ಬೆರಳಾಡಿಸಿದಳು. ಸುತ್ತ ಜನ ಸೇರಿದರು. ಹಿಂದಿನಿಂದ ಸಿದ್ರಾಮ ಮಾಮಾ ಗಡಿಯಾರ ಕಂಕುಳಲ್ಲಿ ಇರುಕಿಕೊಂಡು ಕತ್ತು ಚಾಚಿದ. ಅವನು ನಿಂತದ್ದು ಬಲಗಡೆಗೆ.

“ಲೇ ಹುಡುಗಾ, ನನ್ನ ಬಾಜೂಕ ಬಣ್ಣಾನಽ ಇಲ್ಲಲ್ಲೋ! ಡ್ರೈವರ ಅಂದ್ರ ಮಾಣಸ ಅಲ್ಲೇನು?”

ಅತ್ತಿ ಬಸ್ಸನ್ನು ತಿರುಗಿಸಿ ಬೂದು ಮೈಯನ್ನು ನೋಡಿದಳು, ಮಾಮಾನನ್ನು ನೋಡಿದಳು.

“ಇಷ್ಟ ವರ್ಸ ತಂಬಾಕ ಉಗಳಿ ಉಗಳಿ ಆ ಕಡಿಗೆ ನೀವಽ ಬಣ್ಣಾ ಹಚ್ಚೀರಿ. ಈ ಹುಡುಗ ಮತ್ಯಾಕ ಹಚ್ಚಬೇಕು?” ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ನಗು ಇಳಿಯುವ ಮೊದಲೇ ಅವಳು ಬಸ್ಸನ್ನು ಎದೆಗೆ ಒತ್ತಿಕೊಂಡಳು, ಬಾಗಿಲು ತನ್ನ ಕಡೆಗಿರುವಂತೆ. “ಈ ಕಡಿ ನಂದು. ಇದು ಪೂರಾ ಆಗೇತಿ.”

ಹಾಗೆಯೇ ಹಿಡಿದುಕೊಂಡು ಡಿಪೋದ ಗೇಟು ದಾಟಿದಳು. ಗಡಿಯಾರವನ್ನು ಸವಿತಾ ಹಿಡಿದುಕೊಂಡಿದ್ದಳು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು, ನನಗೆ ನಿದ್ದೆ ಬಂದಿದ್ದರೆ. ಜೂನ್‌ನಲ್ಲಿ ಮೋಡ ಕವಿದು, ಹವಾ ಹದವಾಗಿ, ಕರೆಂಟೂ ಇದ್ದ ಒಂದು ದಿನ ಸರಂಜಾಮು ಹೊತ್ತುಕೊಂಡು ಅಕ್ಕಲಕೋಟೆಗೆ ಹೋದೆ. ಕೆಂಪನ್ನು ಕಲಸಿ ಬಟ್ಟಲಿಗೆ ಸುರಿದು, “ಅತ್ತಿ, ಗಾಡಿ ಕೊಡು, ಒಂದ ತಾಸಿನ ಕೆಲಸ” ಎಂದೆ.

“ಆ ಕಡಿ ನಂದಲ್ಲ. ಸಿದ್ರಾಮ ಮಾಮಾನ್ನ ಕೇಳು.”

ಮಾಮಾನನ್ನು ಕರೆತಂದೆ. ಅವನು ಬೂದು ಮೈಯನ್ನು ತುಂಬ ಹೊತ್ತು ದಿಟ್ಟಿಸಿ, “ಹಚ್ಚು, ಆದ್ರ ಹೊಸಾ ಮಾಡಬ್ಯಾಡ. ಇದ್ದಂಗ ಮಾಡು,” ಎಂದ. ಹಿಂದಿನ ಗಾಲಿಯ ಮೇಲೆ ಬೆರಳಿಟ್ಟ. “ಇಲ್ಲಿ ಒಂದು ಉದ್ದ ಗೀರ ಬೇಕು. ಮೈಂದರ್ಗಿ ಹಾದ್ಯಾಗ ಕಬ್ಬಿನ ಗಾಡಿ ತಿಕ್ಕಿದ್ದು.”

“ಕಬ್ಬಿನ ಗಾಡಿ?” ಅತ್ತಿ ಒಳಗಿನಿಂದ ಬಂದಳು. “ನಿಂತಿದ್ದ ಟ್ಯಾಂಕರಿಗೆ ನೀವಽ ತಿಕ್ಕಿದ್ರಿ. ನಾ ಸೀಟಿ ಹೊಡದಽ ಹೊಡದೆ.”

“ನೀವು ಸೀಟಿ ಹೊಡದಿದ್ದು ತಿಕ್ಕಿದ ಮ್ಯಾಲ್ರಿ, ಮಹಾದೇವಿಬಾಯಿ. ಅದೂ ನಿಲ್ಲಸಾಕಲ್ಲ, ಹೋಗ್ರಿ ಅಂತ. ಡಬಲ್ ಸೀಟಿ.”

“ಸಿಂಗಲ್!”

“ಅಲ್ರಿ, ಗೀರು ಎಷ್ಟ ಉದ್ದ ಇರ್ಬೇಕು, ಅದನ್ನರ ಹೇಳ್ರಿ,” ಎಂದು ನಾನು ನಡುವೆ ಬಾಯಿ ಹಾಕಿದೆ.

“ಕಬ್ಬಿಂದಾದ್ರ ಇಷ್ಟು,” ಎಂದು ಮಾಮಾ ನಾಲ್ಕು ಬೆರಳು ತೋರಿಸಿದ.

“ಟ್ಯಾಂಕರಿಂದಾದ್ರ ಇಲ್ಲಿಂದ ಅಲ್ಲೀತನಕ,” ಎಂದು ಅತ್ತಿ ಬಸ್ಸಿನ ಅರ್ಧ ಮೈ ಅಳೆದಳು. ಬಸ್ಸನ್ನು ನಡುವೆ ಇಟ್ಟುಕೊಂಡು ಇಬ್ಬರೂ ಎದುರು ಬದುರು ಕೂತರು. ಸವಿತಾ ಚಹಾ ತಂದಳು; ಅವರು ನೋಡಲಿಲ್ಲ. ಬಲಗಡೆ ಇವತ್ತಿಗೂ ಬೂದು ಇದೆ.

ಅವತ್ತು ಸ್ವಲ್ಪ ಹೊತ್ತು ಕಾದೆ. ಆಮೇಲೆ ಬಟ್ಟಲಿನ ಕೆಂಪನ್ನು ವಾಪಸು ಬಾಟಲಿಗೆ ಸುರಿದು, ಮುಚ್ಚಳ ತಿರುಗಿಸಿ, ಸೂಜಿ ತೊಳೆಯಲು ಕೂತೆ. ಅವರ ಜಗಳ ಇನ್ನೂ ಮೈಂದರ್ಗಿಯನ್ನೇ ದಾಟಿರಲಿಲ್ಲ.